ಯೆಜ್ಡಿ ಎಂಜಿನ್ನನ್ನು ಬೇರೆ ಚಾಸಿಗೆ ಕೂರಿಸುವುದು ಹೇಗೆ

ಮೈಸೂರು, ಮಂಡ್ಯ ಕಡೆ ಯಾರದೋ ಷೆಡ್ಡಿನ ಮೂಲೆಯಲ್ಲಿ ಒಂದು ಯೆಜ್ಡಿ ಬೈಕಿನ ಎಂಜಿನ್ ಗೋಣಿಚೀಲ ಹೊದ್ದು ಕೂತಿರುವುದು ದೊಡ್ಡ ವಿಷಯವೇನಲ್ಲ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಲ್ಲಿ ಶುರುವಾಗಿ 1996ರಲ್ಲಿ ಬಾಗಿಲು ಹಾಕುವವರೆಗೆ ಜಾವಾ, ಯೆಜ್ಡಿ ಗಾಡಿಗಳು ಹೊರಗೆ ಬಂದವು. ಅವುಗಳಲ್ಲಿ ಎಷ್ಟೋ ಗಾಡಿಗಳ ಚಾಸಿ, ಅಂದರೆ ಎಂಜಿನ್ ಹೊರುವ ಫ್ರೇಮು, ತುಕ್ಕು ಹಿಡಿದು ಗುಜರಿಗೆ ಹೋಯಿತು, ಎಂಜಿನ್ ಮಾತ್ರ ಉಳಿಯಿತು. ಅಂಥ ಎಂಜಿನ್ ಕೈಗೆ ಸಿಕ್ಕಿದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಉಲ್ಟಾ ಕೆಲಸ, ಅಂದರೆ ಚೆನ್ನಾಗಿರುವ ಜಾವಾ ಚಾಸಿ ಕತ್ತರಿಸಿ ಹೊಸ ಎಂಜಿನ್ ತುರುಕುವ ಯೋಚನೆ ಇದ್ದರೆ ದಯವಿಟ್ಟು ಬಿಟ್ಟುಬಿಡಿ. ಈ ಊರಲ್ಲಿ ಆ ಕೆಲಸಕ್ಕೆ ಹಳೇ ಮೆಕ್ಯಾನಿಕ್ ಒಬ್ಬರೂ ಸ್ಪ್ಯಾನರ್ ಎತ್ತಿಕೊಡಲ್ಲ, ಕೊಡಲೂಬಾರದು.

ಮೊದಲು ಕಾಗದದ ಮಾತು ಮುಗಿಸೋಣ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರ ಆರ್‌ಸಿಯಲ್ಲಿ ಹೇಗಿದೆಯೋ ಗಾಡಿಯೂ ಹಾಗೇ ಇರಬೇಕು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ಕಂಪನಿಯ ಅದೇ ಮಾದರಿಯ ಎಂಜಿನ್ ಬದಲಿಸಿದರೆ ಆರ್‌ಟಿಒ ಅನುಮತಿ ಪಡೆದು ಹೊಸ ನಂಬರ್ ಹತ್ತಿಸಿಕೊಳ್ಳಬಹುದು. ಬೇರೆ ಕಂಪನಿ ಚಾಸಿಗೆ ಯೆಜ್ಡಿ ಎಂಜಿನ್ ಅಂದರೆ ಆ ದಾರಿ ಇಲ್ಲ. ಸಿಕ್ಕಿಬಿದ್ದರೆ 182ಎ ಸೆಕ್ಷನ್ನಿನಲ್ಲಿ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು. ಅಪಘಾತವಾದರೆ ಇನ್ಶೂರೆನ್ಸ್‌ನವರು ಕೈ ಎತ್ತಲು ಇದೇ ಸಾಕು. ಹಾಗಾಗಿ ಈ ಗಾಡಿ ತೋಟಕ್ಕೆ, ಖಾಸಗಿ ಜಾಗಕ್ಕೆ, ಪ್ರದರ್ಶನಕ್ಕೆ ಅಂತ ಮೊದಲೇ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಎಂಜಿನ್, ಚಾಸಿ ಎರಡಕ್ಕೂ ಬಿಲ್ಲು ಅಥವಾ ಹಳೇ ಆರ್‌ಸಿ ಇಲ್ಲದೆ ಕೊಳ್ಳಬೇಡಿ. ಚಾಸಿ ನಂಬರ್ ಇರುವ ಜಾಗಕ್ಕೆ ಗ್ರೈಂಡರ್ ಮುಟ್ಟಿಸಲೇಬೇಡಿ.

ಇನ್ನು ಚಾಸಿ ಆರಿಸುವುದು. ಕೆಲವು ಗಾಡಿಗಳಲ್ಲಿ ಎಂಜಿನ್ ಕೆಳಗೆ ಪೈಪೇ ಇರುವುದಿಲ್ಲ, ಎಂಜಿನ್ನೇ ಚಾಸಿಯ ಒಂದು ಭಾಗವಾಗಿ ಭಾರ ಹೊರುತ್ತದೆ. ಅಂಥ ಡೈಮಂಡ್ ಫ್ರೇಮ್ ಬೇಡ. ಎಂಜಿನ್ ಅಡಿಯಲ್ಲಿ ತೊಟ್ಟಿಲಿನ ಹಾಗೆ ಪೈಪು ಸುತ್ತಿ ಬಂದಿರುವ ಕ್ರೇಡಲ್ ಫ್ರೇಮ್ ನೋಡಿ. ಮುಂದಿನ ಪೈಪು ಒಂದೇ ಇದ್ದರೆ ಇನ್ನೂ ಒಳ್ಳೆಯದು, ಯಾಕೆಂದರೆ ಯೆಜ್ಡಿಯ ರೋಡ್‌ಕಿಂಗ್ ಮಾದರಿಗೆ ಸಿಲಿಂಡರ್ ಒಂದೇ ಆದರೂ ಸೈಲೆನ್ಸರ್ ಎರಡು, ಎಂಜಿನ್ನಿನಿಂದ ಸೈಲೆನ್ಸರಿಗೆ ಹೊಗೆ ಒಯ್ಯುವ ಎರಡು ಬೆಂಡ್ ಪೈಪೂ ಆ ಒಂದು ಪೈಪಿನ ಆಚೆ ಈಚೆ ಸಲೀಸಾಗಿ ಇಳಿಯುತ್ತವೆ. ಎರಡು ಪೈಪಿನ ಫ್ರೇಮಾದರೆ ಬೆಂಡ್ ಪೈಪು ಬರುವ ಜಾಗದಲ್ಲೇ ಫ್ರೇಮಿನ ಪೈಪು ಅಡ್ಡ ನಿಂತಿರುತ್ತದೆ. ಹ್ಯಾಂಡಲ್ ಕೂರುವ ಹೆಡ್ ಹತ್ತಿರ ಬಿರುಕು, ಹಳೇ ವೆಲ್ಡಿಂಗ್ ಏನಾದರೂ ಕಂಡರೆ ಆ ಚಾಸಿಯನ್ನು ಅಲ್ಲೇ ಬಿಟ್ಟು ಬನ್ನಿ.

ಈಗ ಮುಖ್ಯ ಕೆಲಸ. ಎಂಜಿನ್ ಎಲ್ಲಿ ಕೂರಬೇಕು ಅಂತ ತೀರ್ಮಾನಿಸುವುದು ನೀವಲ್ಲ, ಚೈನು. ಜನ ಎಂಜಿನ್ನನ್ನು ಫ್ರೇಮಿನ ನಟ್ಟನಡುವೆ ಇಟ್ಟು, ಚೆಂದ ಕಾಣುತ್ತೆ ಅಂತ ಅಲ್ಲೇ ವೆಲ್ಡ್ ಮಾಡಿಸಿ, ಆಮೇಲೆ ಚೈನು ಹಾಕಲು ಹೋಗುತ್ತಾರೆ. ಹಾಗಲ್ಲ. ಮೊದಲು ಹಿಂದಿನ ಚಕ್ರ ಹಾಕಿ, ದಾರ ಹಿಡಿದು ಮುಂದಿನ ಚಕ್ರದ ನೇರಕ್ಕೆ ತನ್ನಿ. ಆಮೇಲೆ ಹಿಂದಿನ ಸ್ಪ್ರಾಕೆಟ್ಟಿನ (ಚೈನು ಕೂರುವ ಹಲ್ಲಿನ ಚಕ್ರ) ಮುಖಕ್ಕೆ ಉದ್ದನೆಯ ಅಲ್ಯೂಮಿನಿಯಂ ಪಟ್ಟಿ ಒತ್ತಿ ಹಿಡಿಯಿರಿ. ಪಟ್ಟಿಯ ಇನ್ನೊಂದು ತುದಿ ಎಂಜಿನ್ನಿನ ಸ್ಪ್ರಾಕೆಟ್ಟಿಗೆ ಸಮನಾಗಿ ಕೂರುವವರೆಗೆ ಎಂಜಿನ್ನನ್ನು ಎಡಕ್ಕೋ ಬಲಕ್ಕೋ ಸರಿಸಿ. ಎರಡು ಸ್ಪ್ರಾಕೆಟ್ಟಿನ ಹಲ್ಲಿನ ದಪ್ಪ ಬೇರೆ ಬೇರೆ ಇದ್ದರೆ ಮುಖದ ಲೆಕ್ಕ ಬಿಟ್ಟು ಹಲ್ಲಿನ ನಡುಮಧ್ಯದ ಲೆಕ್ಕ ಹಿಡಿಯಿರಿ. ಇಷ್ಟು ಮಾಡಿದಾಗ ಎಂಜಿನ್ ಫ್ರೇಮಿನ ನಡುವಿಗಿಂತ ಒಂದು ಸೆಂಟಿಮೀಟರ್ ಆಚೆ ಹೋಯಿತಾ? ಹೋಗಲಿ ಬಿಡಿ, ಯಾರಿಗೂ ಕಾಣಲ್ಲ. ಚೈನು ಒಂದೆರಡು ಮಿಲಿಮೀಟರ್ ಓರೆಯಾದರೆ ಮಾತ್ರ ಸ್ಪ್ರಾಕೆಟ್ ತಿಂದುಹಾಕುತ್ತದೆ, ಒಂದು ದಿನ ಕಳಚಿ ಎಂಜಿನ್ನಿನ ಹೊರಕವಚವನ್ನೇ, ಅಂದರೆ ಕ್ರ್ಯಾಂಕ್ ಕೇಸನ್ನೇ, ಒಡೆಯುತ್ತದೆ. ಎಂಜಿನ್ ಸರಿಸಲು ಜಾಗವೇ ಇಲ್ಲದಿದ್ದರೆ ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಡೆ ಯಾವುದಾದರೂ ಲೇತ್‌ನಲ್ಲಿ ಹಿಂದಿನ ಸ್ಪ್ರಾಕೆಟ್ಟಿಗೆ ಪ್ಯಾಕಿಂಗ್ ರಿಂಗ್ ಕಡೆಸಿ. ಯೆಜ್ಡಿ ಚೈನಿಗೂ 428 ಅನ್ನುವ ಅಳತೆಯ ಚೈನಿಗೂ ಪಿಚ್, ಅಂದರೆ ಒಂದು ಪಿನ್ನಿನಿಂದ ಇನ್ನೊಂದು ಪಿನ್ನಿಗಿರುವ ದೂರ, ಒಂದೇ, 12.7 ಮಿಲಿಮೀಟರ್. ಆದ್ದರಿಂದ 428 ಚೈನಿನ ಗಾಡಿಯ ಚಾಸಿ ಸಿಕ್ಕರೆ ಅರ್ಧ ತಲೆನೋವು ಕಡಿಮೆ.

ಮುಂದೆ ಹಿಂದೆ ಸರಿಸುವಾಗ ಇನ್ನೊಂದು ಲೆಕ್ಕ ಇದೆ. ಎಂಜಿನ್ ಸ್ಪ್ರಾಕೆಟ್ ಸ್ವಿಂಗ್ ಆರ್ಮಿನ (ಹಿಂದಿನ ಚಕ್ರ ಹಿಡಿದು ಮೇಲೆ ಕೆಳಗೆ ಆಡುವ ತೋಳು) ಪಿನ್ನಿಗೆ ಎಷ್ಟು ಹತ್ತಿರ ಇರುತ್ತದೋ ಅಷ್ಟು ಒಳ್ಳೆಯದು, ದೂರ ಹೋದಷ್ಟೂ ಹಳ್ಳ ದಿಣ್ಣೆಯಲ್ಲಿ ಚೈನು ಬಿಗಿಯಾಗಿ ಸಡಿಲವಾಗಿ ಎಳೆದಾಡುತ್ತದೆ. ಎಂಜಿನ್ ಎಷ್ಟು ಓರೆಯಾಗಿರಬೇಕು ಅನ್ನುವುದು ಅದರ ಮೂಲ ಗಾಡಿಯಲ್ಲಿ ಇದ್ದಷ್ಟೇ. ಜಾಸ್ತಿ ಬಗ್ಗಿಸಿದರೆ ಕಾರ್ಬ್ಯುರೇಟರ್ ಒಳಗೆ ಪೆಟ್ರೋಲಿನ ಮಟ್ಟ ಕಾಯುವ ಫ್ಲೋಟಿನ ಲೆಕ್ಕ ಕೆಡುತ್ತದೆ.

ಜಾಗ ಗೊತ್ತಾದ ಮೇಲೆ ಎಂಜಿನ್ನನ್ನು ಚಾಸಿಗೆ ಹಿಡಿಸುವ ಪ್ಲೇಟು. ಮೊದಲು ರಟ್ಟಿನಲ್ಲಿ ಕತ್ತರಿಸಿ ನೋಡಿ, ಆಮೇಲೆ ಪ್ಲೈವುಡ್ಡಿನಲ್ಲಿ, ಕೊನೆಗೆ 6 ಮಿಲಿಮೀಟರ್ ಮೈಲ್ಡ್ ಸ್ಟೀಲಿನಲ್ಲಿ. ಬೋಲ್ಟು 8.8 ಗ್ರೇಡಿನ ಗಟ್ಟಿ ಬೋಲ್ಟೇ ಇರಲಿ, ನಟ್ಟು ನೈಲಾಕ್, ಅಂದರೆ ಅದುರಿದರೂ ಸಡಿಲವಾಗದಂತೆ ಒಳಗೆ ನೈಲಾನ್ ಬಳೆ ಇರುವುದು. ಈ ಅಳತೆಗೆಲ್ಲ ಒಳಗೆ ಏನೂ ಇಲ್ಲದ ಖಾಲಿ ಕ್ರ್ಯಾಂಕ್ ಕೇಸ್ ಸಿಕ್ಕರೆ ಬಳಸಿ, ಸೊಂಟ ಉಳಿಯುತ್ತದೆ. ವೆಲ್ಡಿಂಗ್ ಮಾಡುವಾಗಲೂ ಅದನ್ನೇ ಬೋಲ್ಟ್ ಮಾಡಿ ಇಟ್ಟುಕೊಂಡರೆ ಶಾಖಕ್ಕೆ ಪ್ಲೇಟು ಎಳೆದುಕೊಂಡು ತೂತು ಜರುಗುವುದು ತಪ್ಪುತ್ತದೆ. ನಿಜವಾದ ಎಂಜಿನ್ ಇಟ್ಟುಕೊಂಡು ಪೂರ್ತಿ ವೆಲ್ಡ್ ಮಾಡಿದರೆ ಕರೆಂಟು ಬೇರಿಂಗ್ ಮೂಲಕ ಹರಿದು ಅದನ್ನು ಹಾಳು ಮಾಡಬಹುದು. ಮೊದಲು ಎಲ್ಲ ಕಡೆ ಟ್ಯಾಕ್ (ಚುಕ್ಕಿಯಷ್ಟೇ ವೆಲ್ಡ್) ಹಾಕಿಸಿ, ಪಟ್ಟಿ ಹಿಡಿದು ಚೈನಿನ ನೇರ ಮತ್ತೆ ನೋಡಿ, ಆಮೇಲೆ ಎಡ ಬಲ ಬದಲಿಸುತ್ತಾ ಸ್ವಲ್ಪ ಸ್ವಲ್ಪವೇ ಪೂರ್ತಿ ಮಾಡಿಸಿ. ಗೇಟು, ಗ್ರಿಲ್ ಮಾಡುವ ವೆಲ್ಡರ್ ಎಷ್ಟೇ ಒಳ್ಳೆಯವರಾದರೂ ಈ ಕೆಲಸಕ್ಕೆ ತೆಳು ಪೈಪಿನ ಮೇಲೆ ಕೈ ಪಳಗಿದವರೇ ಬೇಕು.

ಜಾಗ ಸಾಕಾಗುತ್ತದಾ ಅಂತ ಗಾಡಿ ನಿಂತಾಗ ನೋಡಿದರೆ ಗೊತ್ತಾಗಲ್ಲ. ಫೋರ್ಕಿನ ಸ್ಪ್ರಿಂಗ್ ತೆಗೆದು ಮುಂಭಾಗವನ್ನು ಪೂರ್ತಿ ಕೆಳಗೆ ಒತ್ತಿ, ಹ್ಯಾಂಡಲ್ ಆ ಕಡೆ ಈ ಕಡೆ ತಿರುಗಿಸಿ, ಚಕ್ರ ಬೆಂಡ್ ಪೈಪಿಗೆ ತಾಗುತ್ತದಾ ನೋಡಿ. ಹಿಂದಿನ ಶಾಕ್ ಬಿಚ್ಚಿ ಸ್ವಿಂಗ್ ಆರ್ಮನ್ನು ಮೇಲಿಂದ ಕೆಳಗೆ ಆಡಿಸಿ. ಎಂಜಿನ್ ಸ್ಪ್ರಾಕೆಟ್, ಸ್ವಿಂಗ್ ಆರ್ಮ್ ಪಿನ್ನು, ಹಿಂದಿನ ಆಕ್ಸಲ್ ಮೂರೂ ಒಂದೇ ಗೆರೆಗೆ ಬಂದಾಗ ಚೈನು ಎಲ್ಲಕ್ಕಿಂತ ಬಿಗಿ, ಅಲ್ಲೂ ಸ್ವಲ್ಪ ಸಡಿಲ ಉಳಿಯಬೇಕು. ಯೆಜ್ಡಿಯಲ್ಲಿ ಗೇರಿನ ಲಿವರೇ ಕಿಕ್ಕರ್, ಅದೂ ಎಡಗಡೆ. ಅದು ಪೂರ್ತಿ ಕೆಳಗೆ ಬರುವಾಗ ಹೊಸ ಚಾಸಿಯ ಫುಟ್‌ರೆಸ್ಟು, ಸೈಡ್ ಸ್ಟ್ಯಾಂಡು ಅಡ್ಡ ಬರುತ್ತವೆ. ಬಹಳ ಜನ ಇದನ್ನು ಬಣ್ಣ ಹೊಡೆದ ಮೇಲೆ ಗಮನಿಸುತ್ತಾರೆ.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಸೈಲೆನ್ಸರ್ ಯೆಜ್ಡಿಯದೇ ಇರಲಿ, ಟು-ಸ್ಟ್ರೋಕಿನಲ್ಲಿ ಅದರ ಉದ್ದ, ಒಳಗಿನ ಆಕಾರ ಎರಡೂ ಎಳೆತಕ್ಕೆ ಸೇರಿದ್ದು, ಸುಮ್ನೆ ಕತ್ತರಿಸಬೇಡಿ. ಹಳೇ 6 ವೋಲ್ಟ್ ಎಂಜಿನ್ನಾದರೆ 12 ವೋಲ್ಟಿನ ಸಿಡಿಐ (ಎಲೆಕ್ಟ್ರಾನಿಕ್ ಇಗ್ನಿಷನ್) ಕಿಟ್ ಹಾಕಿಸಿ, ಚಾಸಿಯ ಲೈಟು ಹಾರನ್ನು ಹಾಗೇ ಉಳಿಸಿಕೊಳ್ಳಬಹುದು. ಫೋರ್-ಸ್ಟ್ರೋಕ್ ಗಾಡಿಯ ಟ್ಯಾಂಕು ತಾನೇ ಅಂತ ಬರೀ ಪೆಟ್ರೋಲ್ ತುಂಬಿಸಿದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ, ಲೀಟರಿಗೆ 40 ಎಂಎಲ್ 2ಟಿ (ಟು-ಸ್ಟ್ರೋಕ್) ಆಯಿಲ್ ಬೆರೆಸಿಯೇ ಹಾಕಬೇಕು. ಹೊಸ ಚಾಸಿಯ ಹಿಂದಿನ ಚಕ್ರ 18 ಇಂಚಿನ ಬದಲು 17 ಇಂಚು ಇದ್ದರೆ ಹಿಂದಿನ ಸ್ಪ್ರಾಕೆಟ್ಟಿನಲ್ಲಿ ಒಂದೆರಡು ಹಲ್ಲು ಕಡಿಮೆ ಮಾಡಿ, ಇಲ್ಲದಿದ್ದರೆ ಎಂಜಿನ್ ಸುಮ್ಮಸುಮ್ಮನೆ ಕೂಗುತ್ತದೆ.

ಮೊದಲ ಓಡಾಟಕ್ಕೆ ಚಾಮುಂಡಿ ಬೆಟ್ಟದ ರಸ್ತೆ ಎಲ್ಲರ ತಲೆಗೂ ಬರುತ್ತದೆ. ಬೇಡ, ಅದು ಸಾರ್ವಜನಿಕ ರಸ್ತೆ, ಇಳಿಜಾರು ಬೇರೆ. ತೋಟದ ದಾರಿಯಲ್ಲಿ ನಿಧಾನಕ್ಕೆ ಓಡಿಸಿ, ಎಂಜಿನ್ ತಣ್ಣಗಾದ ಮೇಲೆ ಪ್ರತಿ ಬೋಲ್ಟನ್ನೂ ಮತ್ತೆ ಬಿಗಿ ಮಾಡಿ. ಬಿರುಕು ವೆಲ್ಡಿನ ಅಂಚಿನಲ್ಲಿ ಶುರುವಾಗುತ್ತದೆ, ಅದಕ್ಕೇ ಈ ಹಂತದಲ್ಲಿ ಬಣ್ಣ ಹೊಡೆಯದೆ ಬರೀ ಪ್ರೈಮರ್ ಹಾಕಿ ಬಿಡಿ. ಪ್ರೈಮರಿನ ಮೇಲೆ ಗೆರೆ ಎದ್ದು ಕಾಣುತ್ತದೆ. ಕೆಲವು ವಾರ ಓಡಿಸಿ, ಪ್ಲೇಟುಗಳ ಅಂಚನ್ನೆಲ್ಲ ಬಟ್ಟೆಯಲ್ಲಿ ಒರೆಸಿ, ಟಾರ್ಚ್ ಬಿಟ್ಟು ನೋಡಿ, ಏನೂ ಇಲ್ಲ ಅಂದಾಗ ಎಂಜಿನ್ ಇಳಿಸಿ ಚಾಸಿಯನ್ನು ಪೇಂಟಿಗೆ ಕಳಿಸಿ.