ಕಛೇರಿಯ ಲೈವ್ ರೆಕಾರ್ಡಿಂಗ್: ಮೃದಂಗದಿಂದ ಶುರುಮಾಡಿ ಮೈಕ್ ಇಡುವುದು

ಕರ್ನಾಟಕ ಸಂಗೀತದ ಕಛೇರಿ ರೆಕಾರ್ಡ್ ಮಾಡುವಾಗ ನಾನು ಮೊದಲು ಜಾಗ ಗೊತ್ತುಮಾಡುವುದು ಮೃದಂಗಕ್ಕೆ. ಹಾಡುವವರು, ಪಿಟೀಲು, ಮೃದಂಗ, ಘಟ ಎಲ್ಲರೂ ಒಂದು ಮೂರು ಮೀಟರ್ ಅಗಲದ ಜಮಖಾನದ ಮೇಲೆ ಕೂತಿರುತ್ತಾರೆ. ಅಷ್ಟು ಹತ್ತಿರದಲ್ಲಿ ಮೃದಂಗದ ಸದ್ದು ಎಲ್ಲರ ಮೈಕಿಗೂ ನುಗ್ಗುತ್ತದೆ. ಗಾಯಕರ ಮೈಕಿನಲ್ಲಿ ಅದು ಎಷ್ಟು ಸೇರಿಕೊಂಡಿದೆ ಎಂಬುದರ ಮೇಲೆ ಇಡೀ ಮಿಕ್ಸ್ ನಿಂತಿರುತ್ತದೆ. ಹಾಡನ್ನು ಸ್ವಲ್ಪ ಏರಿಸಿದರೆ ಮೃದಂಗವೂ ಏರಿತು, ಅದೂ ದೂರದಲ್ಲೆಲ್ಲೋ ನುಡಿಸಿದಂಥ ಮಸುಕಾದ ಮೃದಂಗ. ಆಮೇಲೆ ಯಾವ ಈಕ್ವಲೈಸರ್ ತಿರುಗಿಸಿದರೂ ಅದು ಬಿಡಿಸಿ ಬರುವುದಿಲ್ಲ.

ವಾಡಿಕೆಯಂತೆ ಮೃದಂಗದವರು ಗಾಯಕರ ಬಲಕ್ಕೆ, ಪಿಟೀಲಿನವರು ಎಡಕ್ಕೆ. ಹೀಗೆ ಕೂತಾಗ ಮೃದಂಗದ ಬಲಮುಚ್ಚಿಗೆ, ಅಂದರೆ ಬಲಗೈ ನುಡಿಸುವ ಚರ್ಮದ ಮುಖ, ಸಭಿಕರ ಕಡೆ ಇರುತ್ತದೆ. ವಾದಕರು ಎಡಚರಾದರೆ ಜಾಗ ಅದಲುಬದಲಾಗುತ್ತದೆ, ಅದಕ್ಕೇ ಕೇಬಲ್ ಎಳೆಯುವ ಮೊದಲೇ ಕೇಳಿಕೊಳ್ಳುತ್ತೇನೆ. ಗಾಯಕರಿಗೆ ನಾನು ಇಡುವುದು ಹೈಪರ್‌ಕಾರ್ಡಿಯಾಯ್ಡ್ ಮೈಕು, ಅಂದರೆ ಎದುರಿನದನ್ನು ಹಿಡಿದು ಪಕ್ಕದ ಸದ್ದನ್ನು ಹೆಚ್ಚು ತಗ್ಗಿಸುವಂಥದ್ದು. ಸಾಮಾನ್ಯ ಏಕಮುಖಿ ಮೈಕಾದ ಕಾರ್ಡಿಯಾಯ್ಡಿಗೆ ಕಿವುಡು ಜಾಗ (ಸದ್ದು ಕೇಳದ ದಿಕ್ಕು) ನೇರ ಬೆನ್ನ ಹಿಂದೆ, 180 ಡಿಗ್ರಿಯಲ್ಲಿ. ಪಕ್ಕದಿಂದ, ಅಂದರೆ 90 ಡಿಗ್ರಿಯಿಂದ ಬಂದ ಸದ್ದು ಅದರಲ್ಲಿ ಬರೀ 6 ಡೆಸಿಬಲ್ ಇಳಿಯುತ್ತದೆ. ಹೈಪರ್‌ಕಾರ್ಡಿಯಾಯ್ಡಿನಲ್ಲಿ ಅದೇ ಸದ್ದು 12 ಡೆಸಿಬಲ್ ಇಳಿಯುತ್ತದೆ, 110 ಡಿಗ್ರಿಯ ಹತ್ತಿರ ಬಹುತೇಕ ಇಲ್ಲವಾಗುತ್ತದೆ. ವೇದಿಕೆಯ ಲೆಕ್ಕದಲ್ಲಿ ಹೇಳುವುದಾದರೆ, ಮೃದಂಗ ಗಾಯಕರ ಮೈಕಿನಿಂದ ಒಂದು ಮೀಟರ್ ಪಕ್ಕಕ್ಕೂ 35 ಸೆಂ.ಮೀ. ಸಭಿಕರ ಕಡೆಗೂ ಇದ್ದರೆ ಸರಿಯಾಗಿ ಆ ಕೋನದಲ್ಲಿ ಬೀಳುತ್ತದೆ. ಅಲ್ಲಿಂದ ಅರ್ಧ ಮೀಟರ್ ಹಿಂದೆ ಸರಿದರೆ ಸಾಕು, ಕೋನ 90ಕ್ಕಿಂತ ಕಡಿಮೆಯಾಗಿ ಮೃದಂಗ ಮೈಕಿನ ಮುಖಕ್ಕೇ ಸಿಗುತ್ತದೆ. ಜಮಖಾನದ ಮೇಲೆ ಟೇಪ್ ಅಂಟಿಸಿ, “ಸಾರ್, ದಯವಿಟ್ಟು ಈ ಗುರುತಿಗಿಂತ ಹಿಂದಕ್ಕೆ ಹೋಗಬೇಡಿ” ಎಂದು ವಿದ್ವಾಂಸರನ್ನು ಮೊದಲೇ ಕೇಳಿಕೊಂಡರೆ ಯಾರೂ ಬೇಸರಪಡುವುದಿಲ್ಲ.

ಈ ಮೈಕಿಗೆ ಎರಡು ತೊಡಕು. ಗಾಯಕರು ಪಿಟೀಲಿನವರ ಕಡೆ ತಿರುಗಿ ಸ್ವರ ಹಾಕಿದರೆ ದನಿ ತೆಳುವಾಗುತ್ತದೆ, 10 ಸೆಂ.ಮೀ.ಗಿಂತ ಹತ್ತಿರ ಬಂದರೆ ಮಂದ್ರ ಊದಿಕೊಳ್ಳುತ್ತದೆ. 20ರಿಂದ 25 ಸೆಂ.ಮೀ. ದೂರದಲ್ಲಿ, ಗಲ್ಲದ ಮಟ್ಟದಿಂದ ಬಾಯಿಯತ್ತ ಸ್ವಲ್ಪವೇ ಮೇಲಕ್ಕೆ ಮುಖಮಾಡಿ ಇಟ್ಟರೆ ಎರಡೂ ಹತೋಟಿಯಲ್ಲಿರುತ್ತವೆ. ಇನ್ನೊಂದು ಕಾಟ ತೊಡೆಯ ಮೇಲೆ ತಾಳ ಹಾಕುವ ಸದ್ದು. ಮರದ ವೇದಿಕೆಯ ಮೂಲಕ ಅದು ಸ್ಟ್ಯಾಂಡ್ ಹತ್ತಿ ಬರುತ್ತದೆ. ಸ್ಟ್ಯಾಂಡಿನ ಕಾಲಿಗೆ ದಪ್ಪ ಫೋಮ್ ಕೊಡಿ, ವೇದಿಕೆ ತಗ್ಗಾಗಿದ್ದರೆ ಸ್ಟ್ಯಾಂಡನ್ನು ಕೆಳಗೆ ನೆಲದ ಮೇಲಿಟ್ಟು ಬೂಮನ್ನು ಒಳಕ್ಕೆ ಚಾಚಿ. ತಗ್ಗಿನ ಸದ್ದನ್ನು ಕತ್ತರಿಸುವ ಹೈಪಾಸ್ ಫಿಲ್ಟರನ್ನು ಶ್ರುತಿ ನೋಡಿ ಇಡಬೇಕು. ಸಿ ಶ್ರುತಿಯ ಗಂಡುದನಿಯ ಮಂದ್ರ ಪಂಚಮ 98 ಹರ್ಟ್ಸ್, ಹಾಗಾಗಿ 80ಕ್ಕೆ ನಿಲ್ಲಿಸಬೇಕು. ಜಿ ಶ್ರುತಿಯ ಹೆಣ್ಣುದನಿಗೆ ಅದು 147, ಅಲ್ಲಿ 120ರವರೆಗೂ ಧೈರ್ಯವಾಗಿ ಕತ್ತರಿಸಬಹುದು.

ಇನ್ನು ಮೃದಂಗದ ಸ್ವಂತ ಮೈಕುಗಳು. ಬಲಮುಚ್ಚಿಗೆಗೆ ಸಣ್ಣ ಡಯಾಫ್ರಾಮಿನ ಕಂಡೆನ್ಸರ್, 15ರಿಂದ 20 ಸೆಂ.ಮೀ. ದೂರದಲ್ಲಿ. ನೇರ ಕರಣೆಯ (ನಡುವಿನ ಕಪ್ಪು ಲೇಪದ) ನಡುವಿಗೆ ಗುರಿಯಿಟ್ಟರೆ ಬೆರಳ ಏಟಿನ ‘ಟಕ್’ ಮಾತ್ರ ಜೋರಾಗಿ, ಚಾಪು ಎಂಬ ಹೊಡೆತದ ನಾದ ಕುಗ್ಗುತ್ತದೆ. ಮೈಕನ್ನು ಅಂಚಿನ ಕಡೆಗೆ ಓರೆಮಾಡಿ, ಕರಣೆಯ ಅಂಚು ಮತ್ತು ಮೀಟು ಚರ್ಮದ (ಹೊರಸುತ್ತಿನ ಚರ್ಮದ) ನಡುವೆ ನೋಡುವಂತೆ ಇಟ್ಟರೆ ಎರಡೂ ಹದವಾಗಿ ಬರುತ್ತವೆ. ಎಡಕ್ಕೆ ಡೈನಾಮಿಕ್ ಸಾಕು, 10ರಿಂದ 15 ಸೆಂ.ಮೀ. ಶೂರ್ ಎಸ್‌ಎಂ57 ಇದ್ದರೆ ಬೇರೆ ಹುಡುಕಬೇಕಿಲ್ಲ. ಗುಮ್ಕಿಗೆ, ಅಂದರೆ ಎಡದ ಜಾರುವ ತಗ್ಗುನಾದಕ್ಕೆ, ಅಂಗೈ ಒತ್ತಿ ಜಾರಿಸುವಾಗ ಮುಂಗೈ ತಾಗದಷ್ಟು ಜಾಗ ಬಿಡಿ.

ಎರಡೂ ಮೈಕ್ ಸೇರಿಸಿದಾಗ ಗುಮ್ಕಿ ಮಾಯವಾಗುವುದುಂಟು. ಒಂದು ಮುಚ್ಚಿಗೆ ಒಳಕ್ಕೆ ಹೋದಾಗ ಒಳಗಿನ ಗಾಳಿ ಇನ್ನೊಂದನ್ನು ಹೊರಕ್ಕೆ ತಳ್ಳುತ್ತದೆ, ಎರಡು ಮೈಕುಗಳಿಗೆ ಅಲೆ ಒಂದಕ್ಕೊಂದು ಉಲ್ಟಾ ಸಿಗುತ್ತದೆ. ಎಡದ ಚಾನೆಲ್ಲಿನ ಪೊಲಾರಿಟಿ ಬಟನ್ (ಅಲೆಯನ್ನು ತಿರುವುಮಾಡುವುದು) ಒತ್ತಿ, ಮೋನೊದಲ್ಲಿ ಕೇಳಿ, ಯಾವುದರಲ್ಲಿ ತಳ ತುಂಬಿಕೊಂಡಿದೆಯೋ ಅದನ್ನು ಇಟ್ಟುಕೊಳ್ಳಿ. ಎಡಕ್ಕೆ ಹಚ್ಚಿದ ರವೆ ಫ್ಯಾನ್ ಗಾಳಿಗೆ ಒಣಗುತ್ತ ಹೋದಂತೆ ಎಡದ ಶ್ರುತಿ ಏರುತ್ತದೆ, ನೀರು ತಟ್ಟಿದ ಮೇಲೆ ಮತ್ತೆ ತಗ್ಗುತ್ತದೆ. ಸೌಂಡ್‌ಚೆಕ್‌ನಲ್ಲಿ ಕೇಳಿದ ತಳವನ್ನೇ ನಂಬಿ ಈಕ್ವಲೈಸರ್ ಬಿಗಿಮಾಡಬಾರದು.

ಪಿಟೀಲಿಗೆ ಕುದುರೆ ಮತ್ತು ಎಫ್ ರಂಧ್ರದ ಕಡೆ ನೋಡುವಂತೆ, 30ರಿಂದ 40 ಸೆಂ.ಮೀ. ಮೇಲಿಂದ, ಕಮಾನು ಪೂರ್ತಿ ಎಳೆದರೂ ತಗುಲದ ಕಡೆ. ಅಂಟಿಸುವ ಪಿಕಪ್ ಸೋರಿಕೆ ತಡೆಯುತ್ತದೆ ನಿಜ, ಗಮಕದ ಜೊತೆ ಬರುವ ಮರದ ದನಿಯನ್ನೂ ತಡೆಯುತ್ತದೆ; ನಾನು ಅದನ್ನು ಬಳಸುವುದಿಲ್ಲ. ಘಟಕ್ಕೆ 20 ಸೆಂ.ಮೀ. ಮುಂದಿನಿಂದ, ಹೊಟ್ಟೆಯ ಮಧ್ಯಕ್ಕೆ. ಬಾಯಿಗೆ ಹಿಡಿದು ನುಡಿಸುವ ಮೋರ್ಸಿಂಗಿನ ಸದ್ದು ತೀರ ಸಣ್ಣದು, 5 ಸೆಂ.ಮೀ.ಗೆ ತಂದು ಫೋಮ್ ತೊಡಿಸಬೇಕು. ಎಲ್ಲಕ್ಕೂ ಒಂದೇ ಅಳತೆ: ಮೈಕ್ ತನ್ನ ವಾದ್ಯದಿಂದ ಎಷ್ಟು ದೂರವೋ, ಪಕ್ಕದ ಮೈಕಿನಿಂದ ಕನಿಷ್ಠ ಅದರ ಮೂರರಷ್ಟು ದೂರ ಇರಬೇಕು. ಶ್ರುತಿ ಪೆಟ್ಟಿಗೆಯನ್ನು ಡಿಐ ಬಾಕ್ಸ್ (ಮೈಕಿಲ್ಲದೆ ತಂತಿಯಿಂದಲೇ ಮಿಕ್ಸರಿಗೆ ಕೊಡುವ ಪೆಟ್ಟಿಗೆ) ಮೂಲಕ ನೇರ ತೆಗೆದುಕೊಂಡರೆ ಒಂದು ಮೈಕು ಉಳಿಯುತ್ತದೆ.

ವೇದಿಕೆಯವರು ಕೇಳಿಸಿಕೊಳ್ಳುವ ಸ್ಪೀಕರು, ಅಂದರೆ ಮಾನಿಟರನ್ನು ಗಾಯಕರ ಎದುರಿಗೇ ಇಡಬೇಡಿ. ಹೈಪರ್‌ಕಾರ್ಡಿಯಾಯ್ಡ್ ಬೆನ್ನ ಹಿಂದಿನದನ್ನು 6 ಡೆಸಿಬಲ್ ಮಾತ್ರ ತಗ್ಗಿಸಿ ಕೇಳುತ್ತದೆ, ಸ್ಪೀಕರಿನ ಸದ್ದು ಮೈಕಿಗೆ ಮರಳಿ ಬೇಗ ಕೂಗುತ್ತದೆ. ಪಿಟೀಲಿನ ಬದಿಯಲ್ಲಿ, ಸ್ವಲ್ಪ ಮುಂದಕ್ಕೆ ಇಟ್ಟರೆ ಅಲ್ಲೂ ಅದೇ ಕಿವುಡು ಕೋನ ಸಿಗುತ್ತದೆ.

ಒಳ್ಳೆಯ ಸಭಾಂಗಣವಾದರೆ ಇವುಗಳ ಜೊತೆಗೆ ಒಂದು ಜೋಡಿ ಕಾರ್ಡಿಯಾಯ್ಡನ್ನು ಗಾಯಕರಿಂದ ಎರಡೂವರೆ ಮೀಟರ್ ಮುಂದೆ, ಎರಡು ಮೀಟರ್ ಎತ್ತರದಲ್ಲಿ ನಿಲ್ಲಿಸುತ್ತೇನೆ: ನಡುವೆ 17 ಸೆಂ.ಮೀ. ಅಂತರ, 110 ಡಿಗ್ರಿ ಕೋನ, ಅಂದರೆ ಓಆರ್‌ಟಿಎಫ್ ಎಂಬ ಸ್ಟೀರಿಯೊ ಜೋಡಣೆ. ಸಭೆಯ ಸ್ಪೀಕರುಗಳು ಇದರ ಬೆನ್ನ ಹಿಂದೆ ಇರಬೇಕು. ಸದ್ದು ಒಂದು ಮೀಟರ್ ಸಾಗಲು ಸುಮಾರು 2.9 ಮಿಲಿಸೆಕೆಂಡ್ ಬೇಕು. ಮಿಕ್ಸ್ ಮಾಡುವಾಗ ಹತ್ತಿರದ ಮೈಕುಗಳನ್ನು 7 ಮಿಲಿಸೆಕೆಂಡಿನಷ್ಟು ತಡಮಾಡಿದರೆ ಜೋಡಿಯೊಡನೆ ಕೂಡುತ್ತವೆ. ಚಾಮರಾಜಪೇಟೆಯ ರಾಮನವಮಿ ಪೆಂಡಾಲಿನಂಥ ತೆರೆದ ಜಾಗದಲ್ಲಿ ಈ ಜೋಡಿಗೆ ಸಿಗುವುದು ಫ್ಯಾನು, ರಸ್ತೆಯ ಹಾರನ್ನು. ಅಲ್ಲಿ ಅದನ್ನು ಚಪ್ಪಾಳೆಗೆ ಮಾತ್ರ ಬಳಸುತ್ತೇನೆ.

ಗೇನ್ (ಮೈಕಿನ ಸದ್ದನ್ನು ಒಳಗೆ ಹಿಗ್ಗಿಸುವ ಮಟ್ಟ) ಇಡುವಾಗ ಕೃತಿ ನುಡಿಸುವ ಮಟ್ಟಕ್ಕೆ ಇಡಬಾರದು, ತಾಳವಾದ್ಯದವರೇ ನುಡಿಸುವ ತನಿ ಆವರ್ತನದ ಮಟ್ಟಕ್ಕೆ ಇಡಬೇಕು. ಸೌಂಡ್‌ಚೆಕ್‌ನಲ್ಲಿ ಮೃದಂಗದ ಶಿಖರ ಮೀಟರಿನಲ್ಲಿ ಮೈನಸ್ 15 ಡೆಸಿಬಲ್‌ನ ಆಸುಪಾಸಿನಲ್ಲಿದ್ದರೆ ತನಿಗೆ ಜಾಗ ಉಳಿಯುತ್ತದೆ. 24 ಬಿಟ್‌ನಲ್ಲಿ ಮುದ್ರಿಸುವಾಗ ಕಡಿಮೆ ಮಟ್ಟಕ್ಕೆ ಹೆದರಬೇಕಿಲ್ಲ. ಕಲ್ಲಿನಿಂದ ಬಡಿದು ಶ್ರುತಿ ಮಾಡುವ ಏಟು ನೋಡಿ ಗೇನ್ ಇಳಿಸಲೂಬೇಡಿ. ಮಿಕ್ಸ್‌ನಲ್ಲಿ ತನಿ ಬಂದಾಗ ಗಾಯಕರ ಮೈಕನ್ನು ಪೂರ್ತಿ ಮುಚ್ಚದೆ 8ರಿಂದ 10 ಡೆಸಿಬಲ್ ಇಳಿಸುತ್ತೇನೆ. ಪೂರ್ತಿ ಮುಚ್ಚಿದರೆ ಕೋಣೆಯೇ ಬದಲಾದಂತೆ ಕೇಳುತ್ತದೆ. ತನಿ ಮುಗಿಯಲು ಬಂದುದನ್ನು ತಿಳಿಸುವ ಮೋಹರ ಶುರುವಾದಾಗ ಏರಿಸಲು ಆರಂಭಿಸಿ, ಕೊನೆಗೆ ಮೂರು ಸಲ ನುಡಿಸುವ ಕೋರ್ವೆಯ ಮೂರನೇ ಸುತ್ತು ಮುಗಿಯುವುದರೊಳಗೆ ಮೊದಲಿನ ಮಟ್ಟಕ್ಕೆ ತಂದಿರುತ್ತೇನೆ, ಏಕೆಂದರೆ ಗಾಯಕರು ಎಡುಪಿನಲ್ಲಿ (ತಾಳದಲ್ಲಿ ಸಾಲು ಶುರುವಾಗುವ ಜಾಗದಲ್ಲಿ) ಸಾಲು ಎತ್ತುವುದು ಅದರ ಬೆನ್ನಿಗೇ.