ಹದಿನಾಲ್ಕನೇ ಸೆಕೆಂಡಿನಲ್ಲಿ ನಿಂತ ಕೈ

ಮೂರು ತಿಂಗಳು ದಿನಾ ಕೂತು ನಾನು ಕಲಿತದ್ದು 14 ಸೆಕೆಂಡಿನ ಸಂಗೀತ. ಹದಿನೈದನೇ ಸೆಕೆಂಡಿಗೆ ಹೋಗುವಷ್ಟರಲ್ಲಿ ಎಡಗೈ ಮಣಿಕಟ್ಟು ಕೈಕೊಟ್ಟಿತು.

ಆ ಸಂಗೀತ ಗಿಟಾರ್ ವಾದಕ ಅಲನ್ ಹೋಲ್ಡ್ಸ್‌ವರ್ತ್ ಅವರದ್ದು. ಹೆಸರು ಕೇಳಿಲ್ಲ ಅಂದರೆ ಬೇಜಾರಿಲ್ಲ, ಜಾಸ್ತಿ ಜನ ಕೇಳಿರುವುದಿಲ್ಲ. ಆದರೆ ಗಿಟಾರ್ ನುಡಿಸುವವರ ಗುಂಪಿನಲ್ಲಿ ಸುಮ್ನೆ ಒಮ್ಮೆ ಈ ಹೆಸರು ಹೇಳಿ ನೋಡಿ. ಒಂದೋ ಎಲ್ಲರೂ ಒಟ್ಟಿಗೆ ಮಾತಾಡಲು ಶುರು ಮಾಡುತ್ತಾರೆ, ಇಲ್ಲವೇ ಒಬ್ಬ ತಲೆ ಅಲ್ಲಾಡಿಸಿ ಸುಮ್ಮನಾಗುತ್ತಾನೆ. ಎಡ್ಡಿ ವಾನ್ ಹೇಲನ್‌ನಂಥ ರಾಕ್ ಸ್ಟಾರ್ ಕೂಡ ಇವರ ಅಭಿಮಾನಿಯಾಗಿದ್ದ. ದೊಡ್ಡ ಕಂಪನಿಯಿಂದ ಇವರ ರೆಕಾರ್ಡ್ ಬರಲಿ ಅಂತ ಮುಂದೆ ನಿಂತು ಓಡಾಡಿದ್ದು ಆತನೇ. ಹಾಗೆ ಬಂದದ್ದು 1983ರ ‘ರೋಡ್ ಗೇಮ್ಸ್’.

ಹುಟ್ಟಿದ್ದು 1946ರಲ್ಲಿ, ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನಲ್ಲಿ. ಜಾಜ್ ಪಿಯಾನೊ ವಾದಕರಾಗಿದ್ದ ಅಜ್ಜ ಸ್ಯಾಮ್ ಅವರಿಂದ ಸಂಗೀತದ ಪಾಠ. ಹುಡುಗನಿಗೆ ಬೇಕಿದ್ದದ್ದು ಸ್ಯಾಕ್ಸೊಫೋನ್, ಕೈಗೆ ಸಿಕ್ಕಿದ್ದು ಗಿಟಾರ್, ಅದೂ ಹದಿನೇಳರ ವಯಸ್ಸಿಗೆ. ಈ ಒಂದು ವಿಷಯವನ್ನು ನೆನಪಿಟ್ಟುಕೊಳ್ಳಿ. ನಾನು ಇದನ್ನು ಮೊದಲೇ ಓದಿದ್ದೆ, ಆದರೆ ತಲೆಗೆ ಹೋಗಿರಲಿಲ್ಲ.

ನಾನು ಹಿಡಿದುಕೊಂಡಿದ್ದು 1978ರಲ್ಲಿ ಬಂದ ‘ಯು.ಕೆ.’ ಅನ್ನುವ ಬ್ಯಾಂಡಿನ ಮೊದಲ ಆಲ್ಬಮ್. ಡ್ರಮ್ಸ್‌ಗೆ ಬಿಲ್ ಬ್ರೂಫರ್ಡ್, ಬಾಸ್ ಮತ್ತು ಹಾಡಿಗೆ ಜಾನ್ ವೆಟ್ಟನ್, ಕೀಬೋರ್ಡ್ ಮತ್ತು ಪಿಟೀಲಿಗೆ ಎಡ್ಡಿ ಜಾಬ್ಸನ್. ಅದರ ಮೊದಲ ಹಾಡಿನಲ್ಲಿ ಏಳರ ಲೆಕ್ಕದ ತಾಳದ ಮೇಲೆ ಹೋಲ್ಡ್ಸ್‌ವರ್ತ್ ಸೋಲೊ, ಅಂದರೆ ಅವರ ಗಿಟಾರ್ ಮುಂದೆ ನಿಂತು ನುಡಿಯುವ ಭಾಗ, ಬರುತ್ತದೆ. ಮೊದಲ ಸಲ ಕೇಳಿದಾಗ ಗಿಟಾರ್ ಅಂತಲೇ ಅನ್ನಿಸಲಿಲ್ಲ. ಯಾರೋ ಎಣ್ಣೆ ಸುರಿದ ಹಾಗೆ ಸ್ವರಗಳು ಜಾರುತ್ತವೆ. ಎಲ್ಲಿ ತಂತಿ ಮೀಟಿದರು ಅಂತಲೇ ಗೊತ್ತಾಗುವುದಿಲ್ಲ.

ಅಭಿಮಾನಿಯ ಬುದ್ಧಿ ನೋಡಿ. ಇಷ್ಟವಾಗಿದ್ದನ್ನು ಕೇಳಿ ಸುಮ್ಮನಿರಬಹುದಿತ್ತು. ನಾನು ಅದನ್ನು ನುಡಿಸಲು ಹೊರಟೆ.

ಹಾಡನ್ನು ಕಂಪ್ಯೂಟರಿಗೆ ಹಾಕಿ ವೇಗವನ್ನು ನೂರಕ್ಕೆ ನಲವತ್ತಕ್ಕೆ ಇಳಿಸಿದೆ. ಶ್ರುತಿ ಬದಲಾಗದೆ ವೇಗ ಮಾತ್ರ ಇಳಿಯುವ ಸಾಫ್ಟ್‌ವೇರ್‌ಗಳಿವೆ, ಅದರಲ್ಲಿ ಒಂದು. ಎರಡು ಸೆಕೆಂಡಿನ ತುಂಡನ್ನು ಗುರುತು ಹಾಕಿ ತಿರುಗಾ ಮುರುಗಾ ಕೇಳುವುದು. ಮೊದಲು ಬಾಯಲ್ಲಿ ಹಾಡುವುದು, ಆಮೇಲೆ ತಂತಿಯ ಮೇಲೆ ಹುಡುಕುವುದು. ಬಾಯಲ್ಲಿ ಬರದಿದ್ದರೆ ಕೈಯಲ್ಲಿ ಖಂಡಿತ ಬರುವುದಿಲ್ಲ. ಇದೊಂದು ಮಾತ್ರ ನಾನು ಮೊದಲ ದಿನದಿಂದ ಸರಿಯಾಗಿ ಮಾಡಿದ್ದು.

ಇನ್ನು ಕೈ ವಿಷಯ. ಸಾಮಾನ್ಯವಾಗಿ ನಾವು ಒಂದು ತಂತಿಯಲ್ಲಿ ಎರಡೋ ಮೂರೋ ಸ್ವರ ನುಡಿಸಿ ಮುಂದಿನ ತಂತಿಗೆ ಹೋಗುತ್ತೇವೆ. ಇವರು ಎಷ್ಟೋ ಕಡೆ ನಾಲ್ಕು ಹಿಡಿಯುತ್ತಾರೆ. ಜಿ ತಂತಿಯಲ್ಲಿ 5, 7, 9, 10ನೇ ಫ್ರೆಟ್, ಅಂದರೆ ಗಿಟಾರಿನ ಕತ್ತಿನ ಮೇಲೆ ಅಡ್ಡಪಟ್ಟಿಗಳು ಮಾಡುವ ಮನೆ, ತೆಗೆದುಕೊಳ್ಳಿ: ಸಿ, ಡಿ, ಇ, ಎಫ್. ನಾಲ್ಕು ಬೆರಳಿಗೆ ನಾಲ್ಕು ಸ್ವರ. ಹೇಳಲು ಸುಲಭ, ಅಲ್ವಾ? ಬೆರಳಿಟ್ಟು ನೋಡಿ. ತೋರುಬೆರಳಿಗೂ ಮಧ್ಯದ ಬೆರಳಿಗೂ ನಡುವೆ ಒಂದು ಫ್ರೆಟ್ ಖಾಲಿ, ಮಧ್ಯದ ಬೆರಳಿಗೂ ಉಂಗುರ ಬೆರಳಿಗೂ ನಡುವೆ ಇನ್ನೊಂದು ಖಾಲಿ. ಆ ಎರಡನೇ ಜಾಗದಲ್ಲೇ ಅಂಗೈ ಚುರುಕ್ ಅನ್ನುವುದು.

ಅಷ್ಟೇ ಆಗಿದ್ದರೆ ಹೇಗೋ ನಿಭಾಯಿಸಬಹುದಿತ್ತು. ಇವರು ಬಲಗೈಯ ಪಿಕ್ಕಿನಿಂದ, ಅಂದರೆ ತಂತಿ ಮೀಟುವ ಸಣ್ಣ ಬಿಲ್ಲೆಯಿಂದ, ಮೀಟುವುದು ತೀರಾ ಕಡಿಮೆ. ಎಡಗೈ ಬೆರಳು ತಂತಿಯ ಮೇಲೆ ಬಿದ್ದ ಪೆಟ್ಟಿಗೇ ಸ್ವರ ಹುಟ್ಟಬೇಕು. ಇದಕ್ಕೆ ಹ್ಯಾಮರ್-ಆನ್ ಅನ್ನುತ್ತೇವೆ. ಮೇಲೆ ಹೋಗುವಾಗ ಎಲ್ಲರೂ ಇದನ್ನು ಮಾಡುತ್ತಾರೆ. ಕೆಳಗೆ ಬರುವಾಗ ಎಲ್ಲರೂ ಮಾಡುವುದು ಪುಲ್-ಆಫ್, ಅಂದರೆ ಬೆರಳನ್ನು ಸ್ವಲ್ಪ ಪಕ್ಕಕ್ಕೆ ಎಳೆದು ತಂತಿಯನ್ನು ಚಿಮ್ಮಿಸುವುದು. ಹಾಗೆ ಎಳೆದಾಗ ತಂತಿ ಒಂದು ಕೂದಲೆಳೆಯಷ್ಟು ಜಗ್ಗಿ ಶ್ರುತಿ ಅಲುಗಾಡುತ್ತದೆ, ಬೆಕ್ಕು ಕೂಗಿದ ಹಾಗೆ ಒಂದು ಸಣ್ಣ ಸದ್ದು. ಹೋಲ್ಡ್ಸ್‌ವರ್ತ್‌ಗೆ ಆ ಸದ್ದು ಇಷ್ಟವಿರಲಿಲ್ಲ. ಅವರ ಬೆರಳು ನೇರ ಮೇಲಕ್ಕೆ ಏಳುತ್ತದೆ, ಅದೇ ಹೊತ್ತಿಗೆ ಕೆಳಗಿನ ಸ್ವರದ ಬೆರಳು ಬಂದು ಬಡಿಯುತ್ತದೆ. ಹತ್ತುವಾಗಲೂ ಇಳಿಯುವಾಗಲೂ ಬಡಿತವೇ.

ಈ ವಿಷಯ ತಿಳಿದ ದಿನ ನಾನು ಹತ್ತು ವರ್ಷದಿಂದ ಮಾಡಿಕೊಂಡು ಬಂದ ಪುಲ್-ಆಫ್ ನನ್ನ ಕಿವಿಗೇ ಅಸಹ್ಯವಾಯಿತು. ಇದು ಅಭಿಮಾನದ ಒಂದು ಪೀಡೆ. ಚೆನ್ನಾಗಿಯೇ ಇದ್ದದ್ದು ಹಾಳಾಗಿ ಕಾಣುತ್ತದೆ.

ಅಭ್ಯಾಸಕ್ಕೆ ನಾನು ಆಂಪ್‌ನ, ಅಂದರೆ ಗಿಟಾರಿನ ಸದ್ದು ಹಿಗ್ಗಿಸುವ ಪೆಟ್ಟಿಗೆಯ, ಡಿಸ್ಟಾರ್ಷನ್ (ಸದ್ದಿನ ಒರಟು) ಪೂರ್ತಿ ತೆಗೆದೆ. ಡಿಸ್ಟಾರ್ಷನ್ ಇದ್ದರೆ ಮೆತ್ತಗೆ ಬಿದ್ದ ಬೆರಳೂ ಜೋರಾಗಿ ಕೇಳಿಸಿ ನಮ್ಮ ತಪ್ಪು ಮುಚ್ಚಿಹೋಗುತ್ತದೆ. ತೆಗೆದ ಮೇಲೆ ಗೊತ್ತಾಯಿತು, ನನ್ನ ಕಿರುಬೆರಳು ಇದ್ದೂ ಇಲ್ಲದ ಹಾಗೆ. ನಾಲ್ಕು ಸ್ವರದಲ್ಲಿ ಮೂರು ಕೇಳಿಸುತ್ತದೆ, ನಾಲ್ಕನೆಯದು ಬರೀ ಟಿಕ್. ಅದಕ್ಕೆ ಅದೇ ಆಕಾರವನ್ನು ಫ್ರೆಟ್ ಒತ್ತೊತ್ತಾಗಿರುವ ಕಡೆಗೆ, 12, 14, 16, 17ಕ್ಕೆ ತೆಗೆದುಕೊಂಡು ಹೋದೆ. ಅಲ್ಲಿಂದ ವಾರಕ್ಕೆ ಒಂದೊಂದೇ ಫ್ರೆಟ್ ಕೆಳಗೆ ಇಳಿಯುವುದು ಅಂತ ಲೆಕ್ಕ.

ಆ ಲೆಕ್ಕಕ್ಕೆ ನಾನೇ ನಿಲ್ಲಲಿಲ್ಲ. ಎರಡನೇ ವಾರಕ್ಕೆ ಹುಮ್ಮಸ್ಸು ಜಾಸ್ತಿಯಾಗಿ ನೇರ 5ನೇ ಫ್ರೆಟ್ಟಿಗೆ ಇಳಿದೆ. ಗಿಟಾರ್ ಸೊಂಟದ ಕೆಳಗೆ ಜೋತಾಡುತ್ತಿತ್ತು, ನೋಡಲು ಚೆಂದ ಅಂತ. ಹೆಬ್ಬೆರಳು ಗಿಟಾರಿನ ಕತ್ತಿನ ಹಿಂದೆ ನಡುವಲ್ಲಿ ಇರಬೇಕಾದದ್ದು ಮೇಲೆ ಇಣುಕುತ್ತಿತ್ತು. ಹೀಗಿದ್ದಾಗ ಬೆರಳು ಅಗಲವಾಗಬೇಕಾದರೆ ಮಣಿಕಟ್ಟು ಪೂರ್ತಿ ಬಾಗಲೇಬೇಕು. ನೋವು ಮೊದಲ ತಿಂಗಳೇ ಬಂತು. ಅಭ್ಯಾಸ ಅಂದ ಮೇಲೆ ನೋವು ಇದ್ದದ್ದೇ ಅಂದುಕೊಂಡೆ. ಬೆರಳತುದಿಯ ಉರಿ ಇದ್ದದ್ದೇ ಹೌದು. ಮಣಿಕಟ್ಟಿನ ಒಳಗಿನ ನೋವು ಹಾಗಲ್ಲ, ಅದು ಬಂದ ಕೂಡಲೇ ಗಿಟಾರ್ ಕೆಳಗಿಡಬೇಕು. ಕೊನೆಗೆ ಒಂದು ಬೆಳಿಗ್ಗೆ ನಲ್ಲಿ ತಿರುಗಿಸಲು ಆಗಲಿಲ್ಲ. ಡಾಕ್ಟರ್ ಆರು ವಾರ ಗಿಟಾರ್ ಮುಟ್ಟಬೇಡಿ ಅಂದರು.

ಆ ಆರು ವಾರದ ನಡುವೆಯೇ 2017ರ ಏಪ್ರಿಲ್ 15 ಬಂತು. ಕ್ಯಾಲಿಫೋರ್ನಿಯಾದ ವಿಸ್ಟಾದಲ್ಲಿ ಹೋಲ್ಡ್ಸ್‌ವರ್ತ್ ತೀರಿಕೊಂಡರು, 70 ವರ್ಷ. ಅದೇ ತಿಂಗಳು ಅವರ ಹಳೆಯ ಆಲ್ಬಮ್‌ಗಳು 12 ಸಿ.ಡಿ.ಗಳ ಒಂದು ಪೆಟ್ಟಿಗೆಯಾಗಿ ಹೊರಬಂದಿದ್ದವು. ಅಂತ್ಯಕ್ರಿಯೆಯ ಖರ್ಚಿಗೂ ಮನೆಯವರ ಹತ್ತಿರ ಹಣವಿರಲಿಲ್ಲ. ಅಭಿಮಾನಿಗಳ ಮುಂದೆ 20 ಸಾವಿರ ಡಾಲರ್ ಕೇಳಿದರು. ಕೆಲವೇ ದಿನದಲ್ಲಿ ಲಕ್ಷ ಡಾಲರ್ ದಾಟಿತು. ನನಗೆ ಇದರಲ್ಲಿ ಖುಷಿಗಿಂತ ಸಿಟ್ಟೇ ಜಾಸ್ತಿ ಬಂದಿತ್ತು, ನನ್ನ ಮೇಲೂ ಸೇರಿ. ಅವರನ್ನು ದೇವರು ಅಂತ ಕರೆದ ಎಷ್ಟು ಜನ ಅವರ ಸಿ.ಡಿ. ದುಡ್ಡು ಕೊಟ್ಟು ಕೊಂಡಿದ್ದರು? ನಾನು ಅಷ್ಟರವರೆಗೆ ಕೊಂಡದ್ದು ಒಂದೇ ಒಂದು.

ನುಡಿಸುವ ಹಾಗಿರಲಿಲ್ಲ, ಹಾಗಾಗಿ ಕೇಳಿದೆ, ಓದಿದೆ. ಅವರ ಸಂದರ್ಶನಗಳನ್ನು ಓದುವಾಗ ಒಂದು ವಿಷಯ ಸಿಕ್ಕಿತು. ಯು.ಕೆ. ಬ್ಯಾಂಡಿನಲ್ಲಿ ಅವರು ಉಳಿದದ್ದು ಒಂದೇ ಆಲ್ಬಮ್‌ಗೆ. ಆಲ್ಬಮ್‌ನಲ್ಲಿ ಇದ್ದ ಸೋಲೊವನ್ನೇ ದಿನಾ ವೇದಿಕೆಯಲ್ಲೂ ನುಡಿಸಬೇಕು ಅನ್ನುವ ಒತ್ತಾಯ ಅವರಿಗೆ ಹಿಡಿಸಿರಲಿಲ್ಲ. ಸೋಲೊ ಅಂದರೆ ಆ ಕ್ಷಣಕ್ಕೆ ಹೊಳೆದದ್ದು, ನಾಳೆ ಬೇರೆ ಹೊಳೆಯುತ್ತದೆ, ಇದು ಅವರ ವಾದ.

ನಾನು ಓದುವುದನ್ನು ನಿಲ್ಲಿಸಿ ಪಟ್ಟಿ ಕಟ್ಟಿದ ಕೈ ನೋಡಿಕೊಂಡೆ. ಅವರೇ ಎರಡನೇ ಸಲ ನುಡಿಸಲು ಒಲ್ಲೆ ಅಂದ ಸ್ವರಗಳಿಗೆ ನಾನು ಮೂರು ತಿಂಗಳು ಮತ್ತು ಒಂದು ಮಣಿಕಟ್ಟು ಕೊಟ್ಟಿದ್ದೆ.

ನನಗೊಬ್ಬ ಕೀಬೋರ್ಡ್ ನುಡಿಸುವ ಗೆಳೆಯ ಇದ್ದಾನೆ. ಕೈ ಕೆಡುವ ಮೊದಲು ಆ 14 ಸೆಕೆಂಡನ್ನು ಅವನಿಗೆ ನುಡಿಸಿ ತೋರಿಸಿದ್ದೆ. ಪೂರ್ತಿ ವೇಗದಲ್ಲಿ, ಒಂದೂ ಸ್ವರ ತಪ್ಪದೆ. ಅವನು, “ಎಲ್ಲಾ ಸರಿ ಇದೆ ಕಣೋ. ಆದರೆ ನೀನು ಟೈಪ್ ಮಾಡ್ತಿದ್ದೀಯ” ಅಂದ. ಅವತ್ತು ಮಾತು ಬಿಡುವಷ್ಟು ಕೋಪ ಬಂದಿತ್ತು.

ಈಗ ಅದೇ ಸೋಲೊವನ್ನು ಗಿಟಾರ್ ಇಲ್ಲದೆ, ಬರೀ ಬಾಯಲ್ಲಿ ಹಾಡಿ ನೋಡಿದೆ. ಮೊದಲು ಎಷ್ಟೋ ಸಲ ಹಾಡಿದ್ದೆ, ಆದರೆ ಎರಡೆರಡು ಸೆಕೆಂಡಿನ ತುಂಡಾಗಿ. ಒಟ್ಟಿಗೆ ಹಾಡಿದಾಗ ಅಲ್ಲಲ್ಲಿ ಉಸಿರು ತೆಗೆದುಕೊಳ್ಳಲೇಬೇಕಾಯಿತು. ನಾನು ಉಸಿರು ತೆಗೆದುಕೊಂಡ ಎಷ್ಟೋ ಜಾಗದಲ್ಲಿ ಅವರೂ ಸಣ್ಣದಾಗಿ ನಿಲ್ಲುತ್ತಾರೆ. ಸ್ಯಾಕ್ಸೊಫೋನ್ ಬೇಕೆಂದಿದ್ದ ಹುಡುಗ! ಮುಂದೆ 1986ರ ‘ಅಟವಾಕ್ರಾನ್’ ಆಲ್ಬಮ್ ಹೊತ್ತಿಗೆ ಸಿಂಥಾಕ್ಸ್ ಅನ್ನುವ, ಗಿಟಾರಿನ ಹಾಗೆ ಹಿಡಿದು ಸಿಂಥಸೈಜರ್ ನುಡಿಸುವ ಯಂತ್ರ ಹಿಡಿದರು. ಅದರ ಜೊತೆ ಬಾಯಲ್ಲಿ ಒಂದು ಕೊಳವೆ ಇಟ್ಟುಕೊಂಡು, ಊದಿದಷ್ಟು ಸದ್ದು ಬರುವ ಹಾಗೆ ಮಾಡಿಕೊಂಡರು. ಕೊನೆಗೂ ಊದಿಯೇ ಬಿಟ್ಟರು ಅನ್ನಿ. ನನ್ನ ಟೈಪಿಂಗ್‌ನಲ್ಲಿ ಆ ನಿಲುಗಡೆಗಳೇ ಇರಲಿಲ್ಲ. ತುಂಡು ತುಂಡು ಕಲಿತು ಅಂಟಿಸಿದ್ದರಲ್ಲಿ ಉಸಿರು ಎಲ್ಲಿಂದ ಬರಬೇಕು.

ಆರು ವಾರ ಮುಗಿದಾಗಲೂ ಅಗಲದ ಬೆರಳಾಟಕ್ಕೆ ಧೈರ್ಯ ಬರಲಿಲ್ಲ. ಹಾಗಾಗಿ ಅವರ ಕಾರ್ಡ್‌ಗಳ, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪಿನ, ಕಡೆ ತಿರುಗಿದೆ. ನಿಜ ಹೇಳಬೇಕೆಂದರೆ ಅಲ್ಲಿಯವರೆಗೆ ಸೋಲೊ ಯಾವಾಗ ಬರುತ್ತದೋ ಅಂತ ಕಾಯುತ್ತಾ ಆ ಭಾಗಗಳನ್ನು ದಾಟಿಸುತ್ತಿದ್ದೆ. ಬಹಳಷ್ಟು ಅಭಿಮಾನಿಗಳು ಮಾಡುವುದು ಇದನ್ನೇ. ವೇಗ ಕಣ್ಣಿಗೆ ಕಾಣುತ್ತದೆ, ಎಣಿಸಬಹುದು, ಇನ್ನೊಬ್ಬನ ಜೊತೆ ಹೋಲಿಸಿ ಜಗಳವಾಡಬಹುದು. ಕಾರ್ಡ್ ಹಾಗಲ್ಲ.

ಒಂದನ್ನು ಹತ್ತಿರದಿಂದ ತೋರಿಸುತ್ತೇನೆ. ಇದು ಅವರ ಯಾವ ಹಾಡಿನದೂ ಅಲ್ಲ, ಅವರ ದಾರಿ ಹಿಡಿದು ನಾನು ಹುಡುಕಿಕೊಂಡದ್ದು. ಡಿ ತಂತಿಯ 5ನೇ ಫ್ರೆಟ್ಟಿಗೆ ತೋರುಬೆರಳು, ಬಿ ತಂತಿಯ 6ಕ್ಕೆ ಮಧ್ಯದ ಬೆರಳು, ಕೊನೆಯ ಸಣ್ಣ ತಂತಿಯ 7ಕ್ಕೆ ಉಂಗುರ ಬೆರಳು, ಜಿ ತಂತಿಯ 9ಕ್ಕೆ ಕಿರುಬೆರಳು. ಬಂದ ಸ್ವರಗಳು ಜಿ, ಇ, ಎಫ್, ಬಿ. ಪುಸ್ತಕದ ಲೆಕ್ಕದಲ್ಲಿ ಇದು ಜಿ13 ಅನ್ನುವ ಕಾರ್ಡ್. ಆದರೆ ನಡುವಿನ ಇ ಮತ್ತು ಎಫ್ ಅಕ್ಕಪಕ್ಕದ ಮನೆಯವು, ನಡುವೆ ಬರೀ ಅರ್ಧ ಸ್ವರ. ಪಿಕ್ಕಿನಿಂದ ಒಂದೇ ಏಟಿಗೆ ಮೀಟಿದರೆ ಎರಡೂ ಕಚ್ಚಾಡುತ್ತವೆ. ಹೋಲ್ಡ್ಸ್‌ವರ್ತ್ ಇಂಥಾದ್ದಕ್ಕೆ ಹೆಸರು ಹಚ್ಚಲು ಹೋಗುತ್ತಿರಲಿಲ್ಲ. ಒಂದು ಸ್ಕೇಲ್ (ಸಾಲಾಗಿ ಜೋಡಿಸಿದ ಸ್ವರಗಳು) ಅಂದರೆ ಒಂದು ಕುಟುಂಬ, ಅದರ ಯಾವ ನಾಲ್ಕು ಜನ ಒಟ್ಟಿಗೆ ನಿಂತರೂ ಅದು ಆ ಕುಟುಂಬದ ಕಾರ್ಡ್ ಅನ್ನುವುದು ಅವರ ನೋಟ. ಎಲ್ಲರೂ ಒಂದೊಂದು ಮನೆ ಮುಂದೆ ಸರಿದರೆ ಮುಂದಿನ ಕಾರ್ಡ್: ಡಿ ತಂತಿಯ 7, ಜಿ ತಂತಿಯ 10, ಬಿ ಮತ್ತು ಸಣ್ಣ ತಂತಿಯ 8. ಕುಟುಂಬ ಅದೇ, ಮುಖ ಮಾತ್ರ ಬೇರೆ.

ಕಚ್ಚಾಟಕ್ಕೆ ಮದ್ದು ವಾಲ್ಯೂಮ್ ಪೆಡಲ್. ಕಾಲಿನ ಹಿಮ್ಮಡಿ ಒತ್ತಿ ಸದ್ದು ಪೂರ್ತಿ ಮುಚ್ಚಿರಬೇಕು. ಆಗ ಮೀಟಬೇಕು, ಯಾರಿಗೂ ಕೇಳಿಸುವುದಿಲ್ಲ. ಮೀಟಿದ ಏಟು ಕಳೆದ ಮೇಲೆ ಮುಂಗಾಲಿನಿಂದ ಮೆಲ್ಲಗೆ ತೆರೆಯಬೇಕು. ಅದರ ಹಿಂದೆ ಡಿಲೇ, ಅಂದರೆ ಪ್ರತಿಧ್ವನಿ ಕೊಡುವ ಯಂತ್ರ, ಇಟ್ಟರೆ ಒಂದು ಕಾರ್ಡಿನ ಬಾಲ ಇನ್ನೊಂದಕ್ಕೆ ಹೆಣೆದುಕೊಳ್ಳುತ್ತದೆ. ಅವರ ಹತ್ತಿರ ಇದಕ್ಕೆ ಹಲವು ಡಿಲೇಗಳು ಒಟ್ಟಿಗೆ ಓಡುತ್ತಿದ್ದವು, ನನ್ನ ಹತ್ತಿರ ಇದ್ದದ್ದು ಒಂದು. ಕಷ್ಟ ಇರುವುದು ಕಾಲಿನಲ್ಲಿ. ಬೇಗ ತೆರೆದರೆ ಪಿಕ್ಕಿನ ಟಕ್ ಕೇಳಿಸುತ್ತದೆ, ತಡವಾದರೆ ತಾಳ ಹೋಗುತ್ತದೆ. ಅಂದರೆ ಸದ್ದು ತಾಳಕ್ಕೆ ಸರಿಯಾಗಿ ಅರಳಬೇಕಾದರೆ ಕೈ ತಾಳಕ್ಕಿಂತ ಸ್ವಲ್ಪ ಮೊದಲೇ ಮೀಟಿರಬೇಕು. ಇದೊಂದು ಕೂಡಿ ಬರಲು ನನಗೆ ಎರಡು ತಿಂಗಳು ಬೇಕಾಯಿತು. ನಡುವೆ ಒಂದು ದಿನ ಪೆಡಲ್ ಮುಚ್ಚಿರುವುದು ಮರೆತು, ಸದ್ದೇ ಇಲ್ಲ ಅಂತ ಎರಡು ಕೇಬಲ್ ಬದಲಿಸಿ, ಆಂಪ್‌ನ ಹಿಂಬದಿ ಬಿಚ್ಚಲು ಸ್ಕ್ರೂಡ್ರೈವರ್ ಹಿಡಿದಿದ್ದೆ.

ಆ ಜಿ, ಇ, ಎಫ್, ಬಿ ಹೀಗೆ ಅರಳಿದಾಗ ಇ ಮತ್ತು ಎಫ್ ಕಚ್ಚಾಡುವುದಿಲ್ಲ. ಎರಡರ ನಡುವೆ ಒಂದು ಸಣ್ಣ ನಡುಕ ಹುಟ್ಟುತ್ತದೆ, ನೀರಿನ ಮೇಲೆ ಬೆಳಕು ಅಲುಗಿದ ಹಾಗೆ. ಮೊದಲ ಸಲ ಸರಿಯಾಗಿ ಬಂದಾಗ ನಾನು ಮುಂದಿನ ಕಾರ್ಡಿಗೆ ಹೋಗಲೇ ಇಲ್ಲ. ಡಿಲೇ ಮುಗಿಯುವ ತನಕ ಕೇಳುತ್ತಾ ಕೂತೆ. ಆಮೇಲೆ 1985ರ ‘ಮೆಟಲ್ ಫಟೀಗ್’ ಹಾಕಿ ಸೋಲೊಗಳನ್ನು ಬಿಟ್ಟು ಕಾರ್ಡ್ ಮಾತ್ರ ಕೇಳಿದೆ. ಅವರು ಫ್ರೆಂಚ್ ಸಂಯೋಜಕ ಡಿಬ್ಯೂಸಿಯನ್ನು ಅಷ್ಟು ಇಷ್ಟಪಡುತ್ತಿದ್ದದ್ದು ಯಾಕೆ ಅಂತ ಅವತ್ತು ಅರ್ಥವಾಯಿತು.

ಕೀಬೋರ್ಡ್ ಗೆಳೆಯನನ್ನು ಕರೆದೆ. ನಾಲ್ಕೇ ಕಾರ್ಡ್, ನಿಧಾನವಾಗಿ. ಅವನು ಏನೂ ಹೇಳಲಿಲ್ಲ. ಎರಡನೇ ಸುತ್ತಿಗೆ ಕೀಬೋರ್ಡ್ ಆನ್ ಮಾಡಿ ಕೆಳಗಿನ ಒಂದು ಸ್ವರ ಒತ್ತಿ ಹಿಡಿದ. ಮೂರನೇ ಸುತ್ತಿಗೆ, “ಆ ಎರಡನೇದನ್ನ ಇನ್ನೂ ಸ್ವಲ್ಪ ತಡವಾಗಿ ತೆರಿ” ಅಂದ. ತೆರೆದೆ. ಅವತ್ತು ರಾತ್ರಿ ಸುಮಾರು ಹೊತ್ತು ಅದೇ ನಾಲ್ಕನ್ನು ಸುತ್ತಿದೆವು.

ಕೈ ಈಗ ಸರಿ ಇದೆ. ಗಿಟಾರ್ ಎದೆಯ ಹತ್ತಿರಕ್ಕೆ ಬಂದಿದೆ, ನೋಡಲು ಅಷ್ಟೇನೂ ಚೆಂದವಿಲ್ಲ. ಅಗಲದ ಬೆರಳಾಟವನ್ನು 12ನೇ ಫ್ರೆಟ್ಟಿನಿಂದ ಮತ್ತೆ ಶುರು ಮಾಡಿ 8ರ ತನಕ ಇಳಿದಿದ್ದೇನೆ, ದಿನಕ್ಕೆ ಹತ್ತೇ ನಿಮಿಷ. ಆ ಸೋಲೊ ಫೈಲ್ ಕಂಪ್ಯೂಟರಿನಲ್ಲಿ ಇನ್ನೂ ಇದೆ, ಗುರುತು 14ನೇ ಸೆಕೆಂಡಿನಲ್ಲೇ ನಿಂತಿದೆ. ಒಮ್ಮೊಮ್ಮೆ ಗುರುತು ತೆಗೆದು, ಪೂರ್ತಿ ವೇಗದಲ್ಲಿ, ಗಿಟಾರ್ ಗೋಡೆಗೆ ಒರಗಿಸಿಟ್ಟು ಕೇಳುತ್ತೇನೆ.