ಹೈಸ್ಕೂಲ್ ಗಣಿತ ಟೀಚರ್ ಆಗಬೇಕೇ? ಮೊದಲು ಕ್ಲಾಸ್ ಗೊತ್ತು ಮಾಡಿಕೊಳ್ಳಿ

ಬಿ.ಎಸ್ಸಿ ಕೊನೆಯ ಸೆಮಿಸ್ಟರಿನ ಮಕ್ಕಳು ಸಿಕ್ಕಾಗಲೆಲ್ಲ ಒಂದೇ ಪ್ರಶ್ನೆ. ‘ಮೇಡಂ, ಮೊದ್ಲು ಬಿ.ಇಡಿ ಮಾಡ್ಲಾ, ಎಂ.ಎಸ್ಸಿ ಮಾಡ್ಲಾ?’ ನಾನು ತಿರುಗಿಸಿ ಕೇಳುತ್ತೇನೆ, ‘ಎಷ್ಟನೇ ಕ್ಲಾಸಿಗೆ ಪಾಠ ಮಾಡ್ಬೇಕು ಅಂತಿದ್ದೀಯ?’ ಅಷ್ಟೊತ್ತಿಗೆ ಮುಖ ಸಪ್ಪಗಾಗುತ್ತದೆ. ಅದನ್ನು ಯಾರೂ ಯೋಚಿಸಿರುವುದಿಲ್ಲ.

ಎಲ್ಲ ನಿಂತಿರುವುದೇ ಅದರ ಮೇಲೆ. 6ರಿಂದ 8ನೇ ತರಗತಿಗಾದರೆ ಡಿಗ್ರಿ, ಬಿ.ಇಡಿ ಜೊತೆಗೆ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಎರಡನೇ ಪತ್ರಿಕೆ ಬೇಕು. 9, 10ಕ್ಕೆ ಡಿಗ್ರಿ ಮತ್ತು ಬಿ.ಇಡಿ, ಆಮೇಲೆ ನೇಮಕಾತಿ ಪರೀಕ್ಷೆ. ಪಿಯು ಉಪನ್ಯಾಸಕರಾಗಲು ಎಂ.ಎಸ್ಸಿಯಲ್ಲಿ 55% ಬೇಕು, ಬಿ.ಇಡಿಯೂ ಬೇಕು. ಡಿಗ್ರಿ ಕಾಲೇಜಿಗೆ ಬಿ.ಇಡಿ ಕೇಳುವುದಿಲ್ಲ, ಎಂ.ಎಸ್ಸಿ ಮೇಲೆ ಕೆ-ಸೆಟ್ ಅಥವಾ ನೆಟ್, ಅಂದರೆ ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆ. ಹೈಸ್ಕೂಲೇ ಸಾಕು ಎನ್ನುವವರು ಮೊದಲು ಬಿ.ಇಡಿ ಮುಗಿಸಿ. ಎಂ.ಎಸ್ಸಿಯನ್ನು ಕೆಲಸದಲ್ಲಿದ್ದುಕೊಂಡೂ ಮಾಡಬಹುದು, ಬಿ.ಇಡಿಯನ್ನು ಹಾಗೆ ಮಾಡುವುದು ಕಷ್ಟ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಬಿ.ಇಡಿ ಸೀಟು

ಡಿಗ್ರಿಯಲ್ಲಿ 50% ಇರಬೇಕು. ಮೀಸಲಾತಿ ಇರುವವರಿಗೆ ರಿಯಾಯಿತಿ ಇದೆ. ಎಂಜಿನಿಯರಿಂಗ್ ಮುಗಿಸಿದವರೂ ಬರಬಹುದು, ಅವರಿಗೆ 55%. ಸರ್ಕಾರಿ ಕೋಟಾದ ಸೀಟುಗಳಿಗೆ ಶಿಕ್ಷಣ ಇಲಾಖೆಯ ಕೇಂದ್ರೀಕೃತ ದಾಖಲಾತಿ ಘಟಕ ಆನ್‌ಲೈನಿನಲ್ಲಿ ಅರ್ಜಿ ಕರೆಯುತ್ತದೆ. ಉಳಿದದ್ದು ಮ್ಯಾನೇಜ್‌ಮೆಂಟ್ ಸೀಟು. ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಯ ಬಿ.ಇಡಿ ಕಾಲೇಜುಗಳು ಬರುವುದು 2009ರಲ್ಲಿ ಶುರುವಾದ ದಾವಣಗೆರೆ ವಿಶ್ವವಿದ್ಯಾಲಯದ ಕೆಳಗೆ. ಸೇರುವ ಮುಂಚೆ ಕಾಲೇಜಿಗೆ ಎನ್‌ಸಿಟಿಇ (ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು) ಮಾನ್ಯತೆ ಇದೆಯಾ ಅಂತ ನೋಡಿಕೊಳ್ಳಿ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ‘ಕ್ಲಾಸಿಗೆ ಬರೋದೇ ಬೇಡ, ಪರೀಕ್ಷೆಗೆ ಬಂದ್ರೆ ಸಾಕು’ ಎನ್ನುವ ಏಜೆಂಟರು ನಮ್ಮ ಕಡೆಯೂ ಇದ್ದಾರೆ. ನನಗೂ ಒಬ್ಬ ಸಿಕ್ಕಿದ್ದ. ಮುಂಗಡ ಕೊಟ್ಟೆ, ವರ್ಷ ಹೋಯಿತು, ಸೀಟೂ ಇಲ್ಲ ದುಡ್ಡೂ ಇಲ್ಲ. ನಿಯಮ ಸ್ಪಷ್ಟವಾಗಿದೆ. ಎರಡು ವರ್ಷದ ಕೋರ್ಸು, ತರಗತಿಗೆ 80% ಹಾಜರಿ, ಶಾಲೆಯ ಇಂಟರ್ನ್‌ಷಿಪ್‌ಗೆ 90%. ದೂರಶಿಕ್ಷಣದ ಬಿ.ಇಡಿ ಇದೆ ನಿಜ. ಆದರೆ ಅದು ಡಿ.ಇಡಿಯಂಥ ಶಿಕ್ಷಕ ತರಬೇತಿ ಮೊದಲೇ ಮುಗಿಸಿದವರಿಗೆ ಮಾತ್ರ. ಬರೀ ಬಿ.ಎಸ್ಸಿ ಮಾಡಿ ಖಾಸಗಿ ಶಾಲೆಯಲ್ಲಿ ಪಾಠ ಮಾಡುತ್ತಿರುವವರಿಗೆ ಅದು ಸಿಗುವುದಿಲ್ಲ.

ಇಂಟರ್ನ್‌ಷಿಪ್ ಅಂದರೆ ಇದು

ಎರಡು ವರ್ಷದಲ್ಲಿ ಒಟ್ಟು 20 ವಾರ ಶಾಲೆಯಲ್ಲಿರಬೇಕು. ಅದರಲ್ಲಿ 16 ವಾರ ಎರಡನೇ ವರ್ಷದಲ್ಲಿ. ಪಾಠಯೋಜನೆ ಬರೆದು ಬರೆದು ಕೈ ನೋಯುತ್ತದೆ, ಚಾರ್ಟ್ ಮಾಡಿ ಮಾಡಿ ಫೆವಿಕಾಲ್ ಖಾಲಿಯಾಗುತ್ತದೆ. ಕಾಟಾಚಾರಕ್ಕೆ ಮುಗಿಸುವವರೇ ಜಾಸ್ತಿ. ಆದರೆ ನಾನು ಗಣಿತ ಟೀಚರ್ ಆದದ್ದು ಆ ವಾರಗಳಲ್ಲೇ.

ಹೊಳಲ್ಕೆರೆ ಕಡೆಯ ಒಂದು ಶಾಲೆ. ‘ಮೈನಸ್ ಇಂಟು ಮೈನಸ್ ಪ್ಲಸ್’ ಅಂತ ಬೋರ್ಡಿನ ಮೇಲೆ ಬರೆದೆ. ಹಿಂದಿನ ಬೆಂಚಿನ ಹುಡುಗಿ ಎದ್ದು ‘ಯಾಕೆ ಮಿಸ್?’ ಅಂದಳು. ‘ಅದು ನಿಯಮ ಕಣಮ್ಮ’ ಅಂದೆ. ಅವಳು ಕೂತಳು, ಆದರೆ ಒಪ್ಪಲಿಲ್ಲ ಅಂತ ಮುಖ ನೋಡಿದರೇ ಗೊತ್ತಾಗುತ್ತಿತ್ತು. ಹಿಂದೆ ಕೂತಿದ್ದ ಮಾರ್ಗದರ್ಶಿ ಶಿಕ್ಷಕರು ಪಾಠ ಮುಗಿದ ಮೇಲೆ ಒಂದು ಚೀಟಿಯಲ್ಲಿ ಬರೆದುಕೊಟ್ಟರು. 3 × (−2) = −6. 2 × (−2) = −4. 1 × (−2) = −2. 0 × (−2) = 0. ಮುಂದಿನ ಸಾಲು ಮಕ್ಕಳಿಂದಲೇ ಹೇಳಿಸು ಅಂದರು. ಪ್ರತಿ ಸಾಲಿಗೂ ಉತ್ತರ ಎರಡೆರಡು ಏರುತ್ತಿದೆ, ಅಲ್ವಾ? ಹಾಗಾದರೆ (−1) × (−2) ಎಷ್ಟಾಗಬೇಕು? ಮಾರನೇ ದಿನ ಅದೇ ಹುಡುಗಿ ‘ಎರಡು’ ಅಂತ ಮೊದಲು ಕೂಗಿದಳು.

ನಂತರ ಎಂ.ಎಸ್ಸಿಯಲ್ಲಿ ಟೋಪಾಲಜಿ, ಫಂಕ್ಷನಲ್ ಅನಾಲಿಸಿಸ್ ಎಲ್ಲ ಓದಿದೆ. ಆ ಚೀಟಿಯಷ್ಟು ತರಗತಿಯಲ್ಲಿ ಉಪಯೋಗಕ್ಕೆ ಬಂದದ್ದು ಯಾವುದೂ ಇಲ್ಲ.

ಟಿಇಟಿ

ನಮ್ಮ ರಾಜ್ಯದ ಟಿಇಟಿಯಲ್ಲಿ ಮೊದಲ ಪತ್ರಿಕೆ 1ರಿಂದ 5ಕ್ಕೆ, ಎರಡನೆಯದು 6ರಿಂದ 8ಕ್ಕೆ. 150 ಪ್ರಶ್ನೆ, 150 ಅಂಕ, ಎರಡೂವರೆ ಗಂಟೆ. ಪಾಸಾಗಲು 60%, ಅಂದರೆ 90 ಅಂಕ. ಕೆಲವು ಮೀಸಲು ವರ್ಗದವರಿಗೆ ಇದಕ್ಕಿಂತ ಕಡಿಮೆ ಸಾಕು. ಎರಡನೇ ಪತ್ರಿಕೆಯಲ್ಲಿ ಗಣಿತ ಮತ್ತು ವಿಜ್ಞಾನ ಸೇರಿ 60 ಅಂಕ. ಉಳಿದ 90 ಅಂಕ ಮಕ್ಕಳ ಮನೋವಿಜ್ಞಾನ ಮತ್ತು ಎರಡು ಭಾಷೆಗೆ, ತಲಾ 30. ಗಣಿತದವರು ಜಾರುವುದು ಅಲ್ಲೇ, ಕನ್ನಡ ವ್ಯಾಕರಣದಲ್ಲಿ. ಸುಮ್ನೆ ಹೇಳುತ್ತಿಲ್ಲ, ನನಗೂ ಅಲ್ಲೇ ಅಂಕ ಹೋಗಿದ್ದು. ಒಮ್ಮೆ ಪಾಸಾದರೆ ಪ್ರಮಾಣಪತ್ರ ಜೀವನಪೂರ್ತಿ ನಡೆಯುತ್ತದೆ.

ಹೈಸ್ಕೂಲೇ ಗುರಿ ಆಗಿದ್ದರೂ ಟಿಇಟಿ ಬರೆದಿಡಿ, 6ರಿಂದ 8ರ ನೇಮಕಾತಿಯೂ ನಿಮಗೆ ತೆರೆದಿರುತ್ತದೆ. ಕೇಂದ್ರೀಯ ವಿದ್ಯಾಲಯದ ಟಿಜಿಟಿ (ತರಬೇತಾದ ಪದವೀಧರ ಶಿಕ್ಷಕ) ಹುದ್ದೆ ಕಣ್ಣಲ್ಲಿದ್ದರೆ ಕೇಂದ್ರದ ಟಿಇಟಿಯಾದ ಸಿಟಿಇಟಿಯ ಎರಡನೇ ಪತ್ರಿಕೆ ಬರೆಯಿರಿ.

ಎಂ.ಎಸ್ಸಿ ಎಲ್ಲಿ?

ರೆಗ್ಯುಲರ್ ಆಗಿ ಓದುವವರಿಗೆ ತೋಳಹುಣಸೆಯಲ್ಲಿ ದಾವಣಗೆರೆ ವಿಶ್ವವಿದ್ಯಾಲಯದ ಶಿವಗಂಗೋತ್ರಿ ಕ್ಯಾಂಪಸ್ ಇದೆ. ಕೆಲಸದಲ್ಲಿರುವವರಿಗೆ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಲ್ಲಿ ಗಣಿತ ಎಂ.ಎಸ್ಸಿ ಇದೆ. ಇಗ್ನೊದಲ್ಲಿ ಕಂಪ್ಯೂಟರ್ ಸೈನ್ಸಿನ ಅನ್ವಯದ ಜೊತೆ ಗಣಿತ ಎಂ.ಎಸ್ಸಿ ಇದೆ. ಮನೆಯಲ್ಲಿ ಕೂತು ರಿಯಲ್ ಅನಾಲಿಸಿಸ್ ಓದುವುದು ಸಲೀಸಲ್ಲ. ಲೆಕ್ಕ ಬಿಡಿಸದೆ ನೋಟ್ಸ್ ಮಾತ್ರ ಓದಿದರೆ ಪಾಸಾಗಬಹುದು, 55% ಬರುವುದಿಲ್ಲ. 54.8 ಅನ್ನು 55 ಅಂತ ಯಾರೂ ದುಂಡು ಮಾಡಿಕೊಡುವುದಿಲ್ಲ ಎನ್ನುವುದು ನೆನಪಿರಲಿ.

ಕಾಗದ ಪತ್ರ

ಡಿಗ್ರಿಯ ಕಾಂಬಿನೇಷನ್ ಮೊದಲು ನೋಡಿ. ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಓದಿದವರಿಗೆ ತಲೆನೋವಿಲ್ಲ. ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ಸೈನ್ಸ್, ಸ್ಟ್ಯಾಟಿಸ್ಟಿಕ್ಸ್ ಇದ್ದವರು ನೇಮಕಾತಿ ಅಧಿಸೂಚನೆಯ ವಿದ್ಯಾರ್ಹತೆ ಸಾಲನ್ನು ಎರಡು ಸಲ ಓದಿ. ಹರಪನಹಳ್ಳಿ ಕಡೆಯವರಿಗೆ 371ಜೆ, ಅಂದರೆ ಸಂವಿಧಾನದ ಆ ವಿಧಿಯಡಿ ಕಲ್ಯಾಣ ಕರ್ನಾಟಕದವರಿಗೆ ಸಿಗುವ ಮೀಸಲಾತಿ ಇದೆ. ಈಗ ನೀವು ದಾವಣಗೆರೆಯಲ್ಲೇ ಓದುತ್ತಿದ್ದರೂ ಆ ಪ್ರಮಾಣಪತ್ರ ಮಾಡಿಸಿಟ್ಟುಕೊಳ್ಳಿ.

ಕೊನೆಗೆ ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ನನ್ನ ಇನಿಷಿಯಲ್ ಹೆಸರಿನ ಹಿಂದಿತ್ತು, ಡಿಗ್ರಿಯಲ್ಲಿ ಮುಂದೆ, ಆಧಾರ್‌ನಲ್ಲಿ ಇನಿಷಿಯಲ್ಲೇ ಇರಲಿಲ್ಲ. ದಾಖಲೆ ಪರಿಶೀಲನೆಯ ಹಿಂದಿನ ದಿನ ಮಳೆಯಲ್ಲಿ ನೋಟರಿ ಹುಡುಕಿಕೊಂಡು ಕೋರ್ಟಿನ ಹತ್ತಿರ ಓಡಾಡಿದ್ದೆ. ನಿಮ್ಮ ಮೂರೂ ದಾಖಲೆಗಳನ್ನು ಇವತ್ತೇ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ನೋಡಿ.